ಒಂದನೇ ತರಗತಿಯ ಬಾಗಿಲಿಗೆ ವಿಶ್ವವಿದ್ಯಾಲಯದ ಬಾವುಟ

ಅಮೆರಿಕದ ಬಡವರ ಬಡಾವಣೆಗಳಲ್ಲಿರುವ ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ಇಂದು ತರಗತಿಯ ಬಾಗಿಲ ಮೇಲೆ ಒಂದು ವಿಶ್ವವಿದ್ಯಾಲಯದ ಹೆಸರಿರುತ್ತದೆ. ಒಳಗೆ ಗೋಡೆಯ ಮೇಲೆ ಅದರ ಮೂರು ಮೂಲೆಯ ಬಾವುಟ, ಅದರ ಬಣ್ಣ, ಅದರ ಘೋಷಣೆ. ವಾರಕ್ಕೊಂದು ದಿನ ಮಕ್ಕಳೂ ಟೀಚರುಗಳೂ ಕಾಲೇಜಿನ ಹೆಸರು ಅಚ್ಚಾದ ಟಿ-ಶರ್ಟ್ ತೊಟ್ಟು ಬರುತ್ತಾರೆ. ನೀನು ಯಾವ ಬ್ಯಾಚು ಎಂದು ಆರು ವರ್ಷದ ಹುಡುಗಿಯನ್ನು ಕೇಳಿದರೆ, ಅವಳು ಹನ್ನೆರಡು ವರ್ಷ ಮುಂದಿನ ಇಸವಿಯೊಂದನ್ನು ಹೇಳುತ್ತಾಳೆ: ಹೈಸ್ಕೂಲು ಮುಗಿಸಿ ತಾನು ಕಾಲೇಜು ಸೇರಬೇಕಾದ ವರ್ಷ. ನಾಲ್ಕನೇ, ಐದನೇ ತರಗತಿಯವರನ್ನು ಬಸ್ಸಿನಲ್ಲಿ ಹತ್ತಿರದ ಕ್ಯಾಂಪಸ್ಸಿಗೆ ಕರೆದೊಯ್ದು ಹಾಸ್ಟೆಲು, ಲೈಬ್ರರಿ, ಪ್ರಯೋಗಾಲಯ ತೋರಿಸಿಕೊಂಡು ಬರುವುದೂ ಉಂಟು.

ಇದು ಒಬ್ಬರ ತಲೆಯಿಂದ ಬಂದದ್ದಲ್ಲ. ಸ್ಯಾನ್ ಡಿಯೇಗೋದ ಹೈಸ್ಕೂಲೊಂದರಲ್ಲಿ ಮೇರಿ ಕ್ಯಾಥರೀನ್ ಸ್ವಾನ್ಸನ್ ಎಂಬ ಇಂಗ್ಲಿಷ್ ಶಿಕ್ಷಕಿ 1980ರಲ್ಲಿ 'ಆವಿಡ್' ಎಂಬ ಕಾರ್ಯಕ್ರಮ ಶುರುಮಾಡಿದರು. ಓದಿನಲ್ಲಿ ಮಧ್ಯಮವಾಗಿರುವ, ಮನೆಯಲ್ಲಿ ಯಾರೂ ಕಾಲೇಜು ಕಾಣದ ಮಕ್ಕಳಿಗೆ ಟಿಪ್ಪಣಿ ಮಾಡುವುದು, ಪುಸ್ತಕ ಜೋಡಿಸಿಟ್ಟುಕೊಳ್ಳುವುದು, ಗುಂಪಿನಲ್ಲಿ ಓದುವುದನ್ನು ಕಲಿಸಿ ಕಠಿಣ ವಿಷಯಗಳಿಗೆ ಹಚ್ಚುವ ಪ್ರಯತ್ನ ಅದು. ಮುಂದೆ ಅದೇ ಪ್ರಾಥಮಿಕ ಶಾಲೆಗೂ ಇಳಿಯಿತು. 1994ರಲ್ಲಿ ಹ್ಯೂಸ್ಟನ್ ನಗರದಲ್ಲಿ ಮೈಕ್ ಫೈನ್‌ಬರ್ಗ್ ಮತ್ತು ಡೇವ್ ಲೆವಿನ್ ಎಂಬ ಇಬ್ಬರು ಎಳೆಯ ಶಿಕ್ಷಕರು ಐದನೇ ತರಗತಿಯ ಮಕ್ಕಳನ್ನಿಟ್ಟುಕೊಂಡು 'ಕಿಪ್' ಎಂಬ ಶಾಲೆಗಳ ಸಂಸ್ಥೆಯನ್ನು ಆರಂಭಿಸಿದರು. 'ಬೆಟ್ಟ ಹತ್ತಿ ಕಾಲೇಜು ಸೇರೋಣ' ಎಂಬುದು ಅಲ್ಲಿ ದಿನನಿತ್ಯದ ಮಾತು. 2004ರಲ್ಲಿ ಕಿಪ್ ತನ್ನ ಮೊದಲ ಪ್ರಾಥಮಿಕ ಶಾಲೆಯನ್ನು ತೆರೆಯಿತು. ಸ್ಯಾನ್ ಡಿಯೇಗೋ ಬಳಿಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಡೇಮನ್ ಲೋಪೆಜ್ ಕಟ್ಟಿದ ಪದ್ಧತಿ 'ನೋ ಎಕ್ಸ್‌ಕ್ಯೂಸಸ್ ಯೂನಿವರ್ಸಿಟಿ' ಎಂಬ ಶಾಲೆಗಳ ಜಾಲವಾಗಿ ಬೆಳೆಯಿತು. ಪ್ರತಿ ತರಗತಿ ಒಂದೊಂದು ಕಾಲೇಜನ್ನು 'ದತ್ತು' ತೆಗೆದುಕೊಳ್ಳುವುದು ಆ ಜಾಲದ ಗುರುತು.

ಫ್ರೀಮಾಂಟ್‌ನಲ್ಲೋ ಡಲ್ಲಾಸ್ ಹೊರವಲಯದಲ್ಲೋ ಇರುವ ಕನ್ನಡದ ಟೆಕಿ ದಂಪತಿಗೆ ಇದೆಲ್ಲ ಸ್ವಲ್ಪ ವಿಚಿತ್ರವಾಗಿ ಕಾಣಬಹುದು. ಆ ಮನೆಗಳಲ್ಲಿ ಕಾಲೇಜಿಗೆ ಹೋಗ್ತೀಯಾ ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಹುಟ್ಟಿದರೆ ಯಾವ ಕಾಲೇಜು, ಯಾವ ಬ್ರ್ಯಾಂಚು ಎಂದಷ್ಟೇ. ಅಜ್ಜಿ ಊರಿನಿಂದ ಫೋನು ಮಾಡಿದಾಗಲೂ ಮೊಮ್ಮಗ ಮುಂದೇನಾಗ್ತಾನೆ ಎಂದು ಕೇಳುತ್ತಾಳೆಯೇ ಹೊರತು ಓದ್ತಾನಾ ಎಂದು ಕೇಳುವುದಿಲ್ಲ. ಇಂಥ ಮನೆಯ ಮಗುವಿಗೆ ಗೋಡೆಯ ಬಾವುಟ ಏನನ್ನೂ ಹೊಸದಾಗಿ ಹೇಳುವುದಿಲ್ಲ. ಹೇಳದೆಯೇ ಸಿಕ್ಕುವ ಈ ನಂಬಿಕೆಯನ್ನು ಅದು ಸಿಗದ ಮನೆಯ ಮಕ್ಕಳಿಗೆ ಶಾಲೆ ಕೊಡಲು ಹೊರಟಿದೆ. ಹಾಗಾಗಿ ಈ ಪದ್ಧತಿಯನ್ನು ಅಳೆಯುವ ಪ್ರಶ್ನೆ ಒಂದೇ. ಓದಿದ ಮನೆಗಳು ಮಕ್ಕಳಿಗೆ ನಿಜವಾಗಿ ಕೊಡುವುದು ಏನು, ಮತ್ತು ಅದರಲ್ಲಿ ಎಷ್ಟು ಪಾಲು ಟಿ-ಶರ್ಟಿನಲ್ಲಿ ಹಿಡಿಯುತ್ತದೆ?

ಹಾರ್ಲೆಮ್‌ನ 61 ಮಕ್ಕಳು

ಇದಕ್ಕೆ ಸಿಗುವ ಅತ್ಯಂತ ಹಳೆಯ, ಅತ್ಯಂತ ಪ್ರಸಿದ್ಧ ಪ್ರಯೋಗ ಯಾರೂ ಯೋಜಿಸಿ ಮಾಡಿದ್ದಲ್ಲ. 1981ರ ಜೂನ್‌ನಲ್ಲಿ ನ್ಯೂಯಾರ್ಕಿನ ಪೂರ್ವ ಹಾರ್ಲೆಮ್‌ನ ಪಿ.ಎಸ್. 121 ಎಂಬ ಶಾಲೆಗೆ ಯೂಜೀನ್ ಲ್ಯಾಂಗ್ ಎಂಬ ಉದ್ಯಮಿ ಭಾಷಣ ಮಾಡಲು ಬಂದರು. ತಾನೂ ಐವತ್ತು ವರ್ಷ ಹಿಂದೆ ಅದೇ ಶಾಲೆಯಲ್ಲಿ ಓದಿದವರು. ಎದುರಿಗೆ ಆರನೇ ತರಗತಿ ಮುಗಿಸುತ್ತಿದ್ದ 61 ಮಕ್ಕಳು. ಕಷ್ಟಪಟ್ಟು ದುಡಿದರೆ ಮೇಲೆ ಬರಬಹುದು ಎಂಬ ಎಂದಿನ ಉಪದೇಶ ಸಿದ್ಧವಾಗಿತ್ತು. ಆದರೆ ಈ ಶಾಲೆಯ ನಾಲ್ವರು ಮಕ್ಕಳಲ್ಲಿ ಮೂವರು ಹೈಸ್ಕೂಲನ್ನೂ ಮುಗಿಸಲಾರರು ಎಂಬ ಮಾತು ವೇದಿಕೆಗೆ ಬರುವ ಮುನ್ನ ಅವರ ಕಿವಿಗೆ ಬಿದ್ದಿತ್ತು. ಲ್ಯಾಂಗ್ ಭಾಷಣ ಬದಿಗಿಟ್ಟರು. ಹೈಸ್ಕೂಲು ಮುಗಿಸಿ ಕಾಲೇಜಿಗೆ ಸೇರಿದ ಪ್ರತಿಯೊಬ್ಬರ ಶುಲ್ಕಕ್ಕೂ ನಾನು ಹಣ ಕೊಡುತ್ತೇನೆ ಎಂದು ಅಲ್ಲೇ ಘೋಷಿಸಿಬಿಟ್ಟರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ದಾನಿ, ಮಾತು, ಚಪ್ಪಾಳೆ. ನನಗೆ ಮುಖ್ಯವೆನಿಸುವುದು ಮುಂದಿನ ಭಾಗ. ಹಣದ ಮಾತು ಕೊಟ್ಟರೆ ಸಾಲದು ಎಂದು ಲ್ಯಾಂಗ್ ಅವರಿಗೆ ಬೇಗನೆ ಅರ್ಥವಾಯಿತು. ಆರನೇ ತರಗತಿಗೂ ಕಾಲೇಜಿಗೂ ನಡುವೆ ಆರು ವರ್ಷಗಳಿವೆ; ಆ ಆರು ವರ್ಷಗಳಲ್ಲಿ ಮನೆ ಬಾಡಿಗೆ ಕಟ್ಟದೆ ಊರು ಬಿಡುವ ಕುಟುಂಬಗಳಿವೆ, ಬೀದಿಯ ಜಗಳಗಳಿವೆ, ಗಣಿತದಲ್ಲಿ ಫೇಲಾಗುವುದಿದೆ. ಆ ಮಕ್ಕಳ ಬೆನ್ನಿಗೆ ನಿಲ್ಲಲೆಂದೇ ಅವರು ಜಾನಿ ರಿವೆರಾ ಎಂಬ ಸಮಾಜ ಕಾರ್ಯಕರ್ತನನ್ನು ನೇಮಿಸಿದರು. ತಾವೂ ವಾರಾಂತ್ಯಗಳಲ್ಲಿ ಮಕ್ಕಳನ್ನು ಕರೆದು ಕೂರಿಸಿಕೊಂಡು ಮಾತಾಡುತ್ತಿದ್ದರು. ಅವರು ಕಟ್ಟಿದ ಪ್ರತಿಷ್ಠಾನದ ಲೆಕ್ಕದಂತೆ, ಸಂಪರ್ಕದಲ್ಲಿ ಉಳಿದವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಹೈಸ್ಕೂಲನ್ನೋ ಅದಕ್ಕೆ ಸಮನಾದ ಪರೀಕ್ಷೆಯನ್ನೋ ದಾಟಿದರು. ಸುಮಾರು ಶೇ 60 ಮಂದಿ ಮುಂದಕ್ಕೂ ಓದಿದರು. ಲ್ಯಾಂಗ್ 2017ರಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು.

1987ರಲ್ಲಿ ಜಾರ್ಜ್ ವೈಸ್ ಎಂಬ ಇನ್ನೊಬ್ಬ ಹಣವಂತರು ಪಶ್ಚಿಮ ಫಿಲಡೆಲ್ಫಿಯಾದ ಬೆಲ್ಮಾಂಟ್ ಪ್ರಾಥಮಿಕ ಶಾಲೆಯ 112 ಮಕ್ಕಳಿಗೆ ಇದೇ ಮಾತು ಕೊಟ್ಟರು. ಫಲ ಮಿಶ್ರವಾಗಿತ್ತು. ಬೆಲ್ಮಾಂಟಿನ ಮಕ್ಕಳೂ ಆಗ ಆರನೇ ತರಗತಿಯವರೇ. ಓದು-ಲೆಕ್ಕದಲ್ಲಿ ಆಗಲೇ ಬಹಳ ಹಿಂದೆ ಬಿದ್ದವರು ಅವರಲ್ಲಿ ಅನೇಕರಿದ್ದರು. ಆರನೇ ತರಗತಿಗೆ ಕೈ ಚಾಚುವುದು ತಡವಾಯಿತು ಎಂಬ ತಿಳಿವಳಿಕೆ ಅಲ್ಲಿಂದ ಬಂತು. ವೈಸ್ ಅವರ ಸಂಸ್ಥೆ ನಂತರದ ತಂಡಗಳನ್ನು ಇನ್ನೂ ಚಿಕ್ಕ ತರಗತಿಗಳಿಂದ ಆರಿಸತೊಡಗಿತು. 2004ರಲ್ಲಿ ಹಾರ್ಲೆಮ್‌ನಲ್ಲಿ ಶುರುವಾದ ತಂಡದವರು ಕಿಂಡರ್‌ಗಾರ್ಟನ್ ಮಕ್ಕಳು. ಕಾಲೇಜಿನ ಮಾತು ಪ್ರಾಥಮಿಕ ಶಾಲೆಗೆ ಇಳಿದದ್ದಕ್ಕೆ ಇರುವ ಗಟ್ಟಿ ಕಾರಣ ಇದು. ಐದು ವರ್ಷದ ಮಗುವಿಗೆ ಕಾಲೇಜು ಏನೆಂದು ಅರ್ಥವಾಗುತ್ತದೆ ಎಂದು ಯಾರೂ ಭ್ರಮೆಪಟ್ಟಿಲ್ಲ.

ಆಸೆ ಇದೆ, ದಾರಿ ಕಾಣುತ್ತಿಲ್ಲ

ಬಡ ಮಕ್ಕಳಿಗೆ ದೊಡ್ಡ ಆಸೆಗಳಿಲ್ಲ, ಅದನ್ನು ಹುಟ್ಟಿಸಬೇಕು ಎಂಬುದು ಬಾವುಟಗಳ ಹಿಂದಿರುವ ಗೃಹೀತ. ಈ ಗೃಹೀತ ಅಷ್ಟೇನೂ ನಿಜವಲ್ಲ. ಮೆಸ್ಮಿನ್ ಡೆಸ್ಟಿನ್ ಮತ್ತು ಡ್ಯಾಫ್ನಾ ಆಯ್ಸರ್‌ಮನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಡೆಟ್ರಾಯಿಟ್‌ನ ಎಂಟನೇ ತರಗತಿಯ ಮಕ್ಕಳನ್ನು ಮಾತಾಡಿಸಿದರು. ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ತಾವು ಕಾಲೇಜಿಗೆ ಹೋಗುತ್ತೇವೆ ಎಂದರು. ಆದರೆ ದೊಡ್ಡವರಾದ ಮೇಲೆ ಏನಾಗುತ್ತೀರಿ ಎಂದು ಕೇಳಿದಾಗ, ಓದನ್ನು ಬೇಡುವ ಕೆಲಸವನ್ನು ಹೆಸರಿಸಿದವರು ಅರ್ಧಕ್ಕಿಂತ ಕಡಿಮೆ. ಉಳಿದವರ ಕಣ್ಣಲ್ಲಿದ್ದದ್ದು ಕ್ರೀಡೆ, ಸಂಗೀತ, ಸಿನಿಮಾ. ಕಾಲೇಜು ಒಂದು ಕಡೆ, ನಾಳಿನ ಬದುಕು ಇನ್ನೊಂದು ಕಡೆ. ಇವೆರಡರ ನಡುವೆ ಇವತ್ತಿನ ಹೋಂವರ್ಕು ಎಲ್ಲಿ ನಿಲ್ಲುತ್ತದೆ ಎಂದು ಅವರಿಗೆ ಯಾರೂ ತೋರಿಸಿರಲಿಲ್ಲ.

ಅದೇ ಸಂಶೋಧಕರು ಕೆಲವು ಮಕ್ಕಳಿಗೆ ಓದಿಗೆ ತಕ್ಕಂತೆ ಸಂಬಳ ಹೇಗೆ ಏರುತ್ತದೆ ಎಂಬ ನಕ್ಷೆ ತೋರಿಸಿದರು. ಇನ್ನು ಕೆಲವರಿಗೆ ತಾರೆಯರ ಗಳಿಕೆಯ ನಕ್ಷೆ. ಮೊದಲನೆಯ ಗುಂಪಿನವರು ಹೆಚ್ಚುವರಿ ಅಂಕದ ಮನೆಗೆಲಸವನ್ನು ಮಾಡಿ ತಂದುಕೊಡುವ ಸಂಭವ ಎಷ್ಟೋ ಪಟ್ಟು ಹೆಚ್ಚಿತ್ತು. ಇನ್ನೊಂದು ಪ್ರಯೋಗದಲ್ಲಿ ಏಳನೇ ತರಗತಿಯ ಬಡ ಮಕ್ಕಳಿಗೆ ಕಾಲೇಜಿನ ಖರ್ಚನ್ನು ಮಾತ್ರ ಹೇಳಿದಾಗಿನದಕ್ಕಿಂತ, ಸರ್ಕಾರದ ಸಹಾಯಧನ ಸಿಗುತ್ತದೆ ಎಂದು ಹೇಳಿದಾಗ ಅವರು ಅಂದು ಸಂಜೆ ಓದಲು ಹೆಚ್ಚು ಸಮಯ ಇಡುವುದಾಗಿ ಹೇಳಿದರು. ಬಾಗಿಲು ತೆರೆದಿದೆ ಎಂದು ಗೊತ್ತಾದ ಮೇಲೆ ಓದು ಖರ್ಚಾಗದೆ ಹೂಡಿಕೆಯಾಗಿ ಕಾಣುತ್ತದೆ. ಬರೀ 'ಕನಸು ಕಾಣು' ಎನ್ನುವ ಪೋಸ್ಟರು ಈ ಕೆಲಸ ಮಾಡಲಾರದು. (ನಮ್ಮಲ್ಲೂ ಶಾಲೆಯ ಗೋಡೆಗಳ ಮೇಲೆ ಕನಸಿನ ಬಗ್ಗೆ ಎಷ್ಟೊಂದು ಬರೆದಿರುತ್ತದೆ, ಸ್ಕಾಲರ್‌ಶಿಪ್ಪಿಗೆ ಅರ್ಜಿ ಎಲ್ಲಿ ಸಿಗುತ್ತದೆ ಎಂದು ಬರೆದ ಗೋಡೆಯನ್ನು ನಾನಂತೂ ಕಂಡಿಲ್ಲ.)

ಪ್ರಾಥಮಿಕ ಶಾಲೆಯ ಮಟ್ಟಿಗೆ ದಾರಿ ಎಂದರೆ ಮೊದಲು ಓದಲು ಬರುವುದು. 2011ರಲ್ಲಿ ಸಮಾಜಶಾಸ್ತ್ರಜ್ಞ ಡೊನಾಲ್ಡ್ ಹರ್ನಾಂಡೆಜ್ ಸುಮಾರು ನಾಲ್ಕು ಸಾವಿರ ಮಕ್ಕಳ ಬೆಳವಣಿಗೆಯ ದಾಖಲೆಗಳನ್ನು ಜಾಲಾಡಿ ಒಂದು ಅಂಕಿ ಮುಂದಿಟ್ಟರು. ಮೂರನೇ ತರಗತಿಯ ಹೊತ್ತಿಗೆ ಚೆನ್ನಾಗಿ ಓದಲು ಬಂದ ಮಕ್ಕಳಲ್ಲಿ ಹೈಸ್ಕೂಲನ್ನು ಸಕಾಲಕ್ಕೆ ಮುಗಿಸದವರು ಶೇ 4. ಓದಲು ಬಾರದವರಲ್ಲಿ ಶೇ 16. ಬಡತನವೂ ಸೇರಿದರೆ ಶೇ 26. ಮೂರನೇ ತರಗತಿಯವರೆಗೆ ಮಗು ಓದುವುದನ್ನು ಕಲಿಯುತ್ತದೆ, ನಾಲ್ಕರಿಂದ ಓದಿ ಕಲಿಯುತ್ತದೆ. ಅಲ್ಲಿ ಎಡವಿದ ಮಗುವಿಗೆ ವಿಜ್ಞಾನ, ಸಮಾಜ, ಲೆಕ್ಕದ ಕಥನಾತ್ಮಕ ಸಮಸ್ಯೆಗಳು ಎಲ್ಲವೂ ಒಟ್ಟಿಗೆ ಬಾಗಿಲು ಮುಚ್ಚುತ್ತವೆ.

ಹಾಗೆ ನೋಡಿದರೆ ಕಾಲೇಜಿನತ್ತ ಮಕ್ಕಳನ್ನು ತಿರುಗಿಸಿದ ಇತ್ತೀಚಿನ ದೊಡ್ಡ ಪ್ರಾಥಮಿಕ ಶಾಲಾ ಸುಧಾರಣೆ ಬಹುಶಃ ಮಿಸಿಸಿಪ್ಪಿಯದು. ಅದರ ಹೆಸರಿನಲ್ಲಿ ಕಾಲೇಜು ಎಂಬ ಪದವೇ ಇಲ್ಲ. ದೇಶದ ಅತ್ಯಂತ ಬಡ ರಾಜ್ಯಗಳಲ್ಲಿ ಒಂದಾದ ಅದು 2013ರಲ್ಲಿ ಓದಿಗೆ ಸಂಬಂಧಿಸಿದ ಕಾಯ್ದೆ ತಂದಿತು. ಅಕ್ಷರ-ಧ್ವನಿಗಳ ಸಂಬಂಧವನ್ನು ಕ್ರಮವಾಗಿ ಕಲಿಸುವ ತರಬೇತಿಯನ್ನು ಶಿಕ್ಷಕರಿಗೆ ಕೊಟ್ಟಿತು, ಹಿಂದುಳಿದ ಶಾಲೆಗಳಿಗೆ ಓದಿನ ಕೋಚುಗಳನ್ನು ಕಳಿಸಿತು. ಮೂರನೇ ತರಗತಿಯ ಕೊನೆಗೂ ಓದಲು ಬಾರದ ಮಕ್ಕಳನ್ನು ಅದೇ ತರಗತಿಯಲ್ಲಿ ಉಳಿಸುವ ನಿಯಮವನ್ನೂ ಮಾಡಿತು. ನಾಲ್ಕನೇ ತರಗತಿಯ ಓದಿನ ರಾಷ್ಟ್ರೀಯ ಪರೀಕ್ಷೆಯಲ್ಲಿ 2013ರಲ್ಲಿ 49ನೇ ಸ್ಥಾನದಲ್ಲಿದ್ದ ರಾಜ್ಯ 2019ರ ಹೊತ್ತಿಗೆ ದೇಶದ ಸರಾಸರಿಯನ್ನು ಮುಟ್ಟಿತು. ಮಕ್ಕಳನ್ನು ಹಿಂದೆ ಉಳಿಸಿದ್ದರಿಂದಲೇ ಅಂಕ ಏರಿತು ಎಂಬ ವಾದವೂ ಇದೆ. ಎಂಟನೇ ತರಗತಿಯಲ್ಲಿ ಇದೇ ಮಟ್ಟದ ಏರಿಕೆ ಕಂಡಿಲ್ಲ ಎಂಬುದೂ ನಿಜ. ಆದರೂ ಒಂದು ಕೋಚಿನ ಸಂಬಳ ಮತ್ತು ನೂರು ಬಾವುಟಗಳ ನಡುವೆ ಆರಿಸಿಕೊಳ್ಳಿ ಎಂದು ಯಾವುದೇ ಮುಖ್ಯೋಪಾಧ್ಯಾಯರಿಗೆ ಹೇಳಿದರೆ, ಅವರು ಎರಡು ನಿಮಿಷವೂ ಯೋಚಿಸಬಾರದು.

ಕೈ ಎತ್ತುವ ಮಕ್ಕಳು, ಕೈ ಕಟ್ಟಿ ಕೂರುವ ಮಕ್ಕಳು

ಓದು, ಲೆಕ್ಕ ಬಂದ ಮೇಲೂ ಮನೆಯಿಂದ ಮನೆಗೆ ಉಳಿಯುವ ವ್ಯತ್ಯಾಸವೊಂದಿದೆ. ಈ ಇಡೀ ವಿಷಯದಲ್ಲಿ ಅತಿ ಕಡಿಮೆ ಚರ್ಚೆಯಾಗುವುದೂ ಅದೇ. ಜೆಸಿಕಾ ಕಲಾರ್ಕೊ ಎಂಬ ಸಮಾಜಶಾಸ್ತ್ರಜ್ಞೆ ಒಂದೇ ಪ್ರಾಥಮಿಕ ಶಾಲೆಯ ಮಕ್ಕಳನ್ನು ಮೂರನೇ ತರಗತಿಯಿಂದ ಐದನೆಯವರೆಗೆ ಹತ್ತಿರದಿಂದ ಗಮನಿಸಿದರು. ಲೆಕ್ಕ ತಿಳಿಯದಿದ್ದಾಗ ಮಧ್ಯಮ ವರ್ಗದ ಮಕ್ಕಳು ಕೈ ಎತ್ತುತ್ತಿದ್ದರು. ಟೀಚರು ನೋಡದಿದ್ದರೆ ಎದ್ದು ಹೋಗಿ ಕೇಳುತ್ತಿದ್ದರು, ಇನ್ನಷ್ಟು ಸಮಯ ಬೇಕೆಂದು ಪೀಡಿಸುತ್ತಿದ್ದರು. ಕೆಲವೊಮ್ಮೆ ನಿಯಮವನ್ನೇ ಸಡಿಲಿಸಿಕೊಳ್ಳುತ್ತಿದ್ದರು. ದುಡಿಯುವ ವರ್ಗದ ಮಕ್ಕಳು ತಾವೇ ಒದ್ದಾಡುತ್ತಿದ್ದರು. ಟೀಚರಿಗೆ ತೊಂದರೆ ಕೊಡಬೇಡ, ನಿನ್ನ ಕೆಲಸ ನೀನೇ ಮಾಡು ಎಂದು ಅವರ ಮನೆಗಳಲ್ಲಿ ಹೇಳಿಕೊಟ್ಟಿದ್ದರು. ಇದರಲ್ಲಿ ತಪ್ಪೇನಿಲ್ಲ, ಗೌರವವಿದೆ. ಮೇಷ್ಟರ ಮುಂದೆ ಎದುರಾಡಬೇಡ ಎಂದು ಹೇಳಿಸಿಕೊಂಡೇ ಬೆಳೆದ ನಮಗೆ ಆ ತಂದೆತಾಯಿಗಳ ಮಾತು ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಶಾಲೆ ಕೇಳಿದವರಿಗೇ ಕೊಡುತ್ತದೆ. ಕಾಲೇಜು ಇನ್ನೂ ಹೆಚ್ಚು. ಪ್ರೊಫೆಸರರ ಕೋಣೆಯ ಬಾಗಿಲು ತಟ್ಟಿ ನನಗಿದು ತಿಳಿಯಲಿಲ್ಲ ಎನ್ನುವವನೇ ಅಲ್ಲಿ ಉಳಿಯುತ್ತಾನೆ.

ಇಲ್ಲೊಂದು ವಿಪರ್ಯಾಸವಿದೆ. ಬಡ ಮಕ್ಕಳನ್ನು ಕಾಲೇಜಿಗೆ ಕಳಿಸುತ್ತೇವೆ ಎಂದು ಪಣ ತೊಟ್ಟ ಶಾಲೆಗಳಲ್ಲೇ ಶಿಸ್ತು ಅತಿ ಬಿಗಿ. ನೆಟ್ಟಗೆ ಕೂರು, ಗಮನವಿಟ್ಟು ಕೇಳು, ಪ್ರಶ್ನೆ ಕೇಳಿ ಉತ್ತರವನ್ನೂ ಕೊಡು, ತಲೆಯಾಡಿಸು, ಮಾತಾಡುವವರನ್ನೇ ನೋಡು ಎಂಬ ಐದು ಸೂತ್ರಗಳನ್ನು 'ಸ್ಲ್ಯಾಂಟ್' ಎಂಬ ಹೆಸರಿನಲ್ಲಿ ದಿನವಿಡೀ ಜಪಿಸಲಾಗುತ್ತಿತ್ತು. ಸಾಲಿನಲ್ಲಿ ಮಾತಿಲ್ಲದೆ ನಡೆಯಬೇಕು, ಅಂಗಿ ಒಳಗೆ ಸಿಕ್ಕಿಸಿರಬೇಕು, ತಪ್ಪಿದರೆ ಅಂಕ ಕಡಿತ. ಇಂಥ ಶಾಲೆಯೊಂದರಲ್ಲಿ ಒಂದೂವರೆ ವರ್ಷ ಕೂತು ನೋಡಿದ ಜೋಆ್ಯನ್ ಗೋಲಾನ್ ಹೇಳಿದ್ದಿಷ್ಟು: ಪರೀಕ್ಷೆಯ ಅಂಕಗಳು ಏರಿದವು, ಆದರೆ ಮಕ್ಕಳು ಕಲಿತದ್ದು ಅಭಿಪ್ರಾಯ ಹೇಳದೆ ಬಾಗುವುದನ್ನು. ಕಾಲೇಜಿನಲ್ಲಿ ಬೇಕಾಗುವ ಸ್ವಂತಿಕೆ, ಅಧಿಕಾರಿಗಳ ಜೊತೆ ಸಲೀಸಾಗಿ ಮಾತಾಡುವ ಚಾಕಚಕ್ಯತೆ ಎರಡೂ ಆ ಶಿಸ್ತಿನಡಿ ಕುಗ್ಗಿದವು. ಕಿಪ್ ಕೂಡ 2020ರಲ್ಲಿ 'ಕಷ್ಟಪಡು, ಒಳ್ಳೆಯವನಾಗಿರು' ಎಂಬ ತನ್ನ ಹಳೆಯ ಘೋಷವಾಕ್ಯವನ್ನು ಕೈಬಿಟ್ಟಿತು. ಕರಿಯ ಮತ್ತು ಲ್ಯಾಟಿನೋ ಮಕ್ಕಳಿಗೆ ಅದು ವಿಧೇಯತೆಯ ಪಾಠವಾಗಿ ಕೇಳುತ್ತದೆ ಎಂಬ ಟೀಕೆಯನ್ನು ಸಂಸ್ಥೆ ಒಪ್ಪಿಕೊಂಡಿತು.

ಶಿಸ್ತು ಬೇಡವೆಂದು ನಾನು ಹೇಳುತ್ತಿಲ್ಲ. ಇಪ್ಪತ್ತೈದು ಮಕ್ಕಳ ಗದ್ದಲದಲ್ಲಿ ಯಾರಿಗೂ ಓದು ಹತ್ತುವುದಿಲ್ಲ. ಆದರೆ ಎಂಟು ವರ್ಷದ ಮಗುವಿಗೆ ಕಾಲೇಜಿನ ಅಭ್ಯಾಸ ಮಾಡಿಸಬೇಕೆಂದರೆ ಟಿ-ಶರ್ಟಿಗಿಂತ ಮೊದಲು ಕೇಳುವುದನ್ನು ಕಲಿಸಬೇಕು. ಸಹಾಯ ಕೇಳಿದರೆ ದಡ್ಡನಾಗುವುದಿಲ್ಲ ಎಂದು ಟೀಚರು ಬಾಯಿಬಿಟ್ಟು ಹೇಳಬೇಕು. ಕೈ ಎತ್ತದ ಮಗುವಿನ ಮೇಜಿನ ಬಳಿ ತಾವೇ ಹೋಗಿ ನಿಲ್ಲಬೇಕು. ಇದಕ್ಕೆ ಬಜೆಟ್ಟು ಬೇಡ, ಅಭ್ಯಾಸ ಬೇಕು.

ಬಾವುಟಗಳ ಬಗ್ಗೆ ಇನ್ನೊಂದು ಅಳುಕು ನನಗಿದೆ. ತರಗತಿಯಲ್ಲಿ ಟೀಚರು ತಾವು ಓದಿದ ಕಾಲೇಜಿನ ಕಥೆ ಹೇಳುತ್ತಾರೆ. ನಿಮ್ಮಪ್ಪ ಎಲ್ಲಿ ಓದಿದ್ದು ಎಂಬ ಮಾತು ಮಕ್ಕಳ ನಡುವೆ ತಾನಾಗಿ ಬರುತ್ತದೆ. ಲಾರಿ ಓಡಿಸುವ, ಹೋಟೆಲ್ಲಿನಲ್ಲಿ ಕೋಣೆ ಗುಡಿಸುವ ಅಪ್ಪ-ಅಮ್ಮನ ಮಗು ಆಗ ಏನು ಹೇಳಬೇಕು? ಕಾಲೇಜಿಗೆ ಹೋದವರೇ ಗೆದ್ದವರು ಎಂಬ ಮಾತು ದಿನಾ ಕಿವಿಗೆ ಬಿದ್ದರೆ, ತನ್ನ ಮನೆಯವರು ಸೋತವರು ಎಂದು ಮಗು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಪ್ರಾಯದ ಅಮೆರಿಕನ್ನರಲ್ಲಿ ನಾಲ್ಕು ವರ್ಷದ ಪದವಿ ಇರುವವರು ಹತ್ತರಲ್ಲಿ ಸುಮಾರು ನಾಲ್ವರು. ಉಳಿದ ಆರು ಜನರ ಮಕ್ಕಳೇ ಈ ಶಾಲೆಗಳಲ್ಲಿ ಕೂತಿರುವುದು.

ಹೆಸರಿಟ್ಟ ಹಣ

ಓದಿದ ಮನೆಗಳು ಮಾತಿಲ್ಲದೆ ಕೊಡುವ ಇನ್ನೊಂದು ವಸ್ತು ಹಣ. ಹಣ ಎನ್ನುವುದಕ್ಕಿಂತ, ಇದು ನಿನ್ನ ಓದಿಗೆ ಎಂದು ಹೆಸರಿಟ್ಟ ಹಣ. ಅಮೆರಿಕದಲ್ಲಿ 1996ರಿಂದ '529' ಎಂಬ ಉಳಿತಾಯ ಖಾತೆಗಳಿವೆ. ತೆರಿಗೆ ಕಾನೂನಿನ ಆ ಸಂಖ್ಯೆಯ ವಿಧಿಯಿಂದ ಬಂದ ಹೆಸರು. ಮಗುವಿನ ಉನ್ನತ ಓದಿಗೆಂದು ಇಟ್ಟ ಹಣ ಬೆಳೆದರೆ ಅದಕ್ಕೆ ತೆರಿಗೆ ಇಲ್ಲ. ಬಳಸಿಕೊಳ್ಳುವವರು ಬಹುಪಾಲು ಉಳ್ಳವರೇ. ಈ ಸೌಲಭ್ಯವನ್ನು ಎಲ್ಲ ಮಕ್ಕಳಿಗೂ ಹಂಚಿದರೆ ಏನಾಗುತ್ತದೆ ಎಂದು ನೋಡಿದ್ದು ಒಕ್ಲಹೋಮ. 2007ರಲ್ಲಿ ಅಲ್ಲಿ ಹುಟ್ಟಿದ ಕೂಸುಗಳಿಂದ ಸುಮಾರು 2,700 ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ, ಅವರಲ್ಲಿ ಅರ್ಧದಷ್ಟು ಮಕ್ಕಳ ಹೆಸರಲ್ಲಿ ತಲಾ 1,000 ಡಾಲರ್ ಇಟ್ಟರು. ನಾಲ್ಕು ವರ್ಷದ ನಂತರ ನೋಡಿದರೆ ಖಾತೆ ಇದ್ದ ಮಕ್ಕಳ ತಾಯಂದಿರು ಮಗುವಿನ ಓದಿನ ಬಗ್ಗೆ ಇಟ್ಟುಕೊಂಡ ನಿರೀಕ್ಷೆ ಹೆಚ್ಚು ಗಟ್ಟಿಯಾಗಿ ಉಳಿದಿತ್ತು. ಬಡ ಮನೆಗಳ ಮಕ್ಕಳ ಸಾಮಾಜಿಕ, ಭಾವನಾತ್ಮಕ ಬೆಳವಣಿಗೆಯೂ ತುಸು ಮೇಲಿತ್ತು. ಆ ಮನೆಗಳಲ್ಲಿ ಹೆಚ್ಚಿನವರು ತಮ್ಮ ಕೈಯಿಂದ ಒಂದು ಡಾಲರನ್ನೂ ಹಾಕಿರಲಿಲ್ಲ ಎನ್ನುವುದನ್ನು ಗಮನಿಸಬೇಕು. ಪೋಸ್ಟರು ಮಗುವಿನ ಕಣ್ಣಿಗೆ ಬೀಳುತ್ತದೆ. ಖಾತೆಯ ಕಾಗದ ಬರುವುದು ತಾಯಿಯ ಕೈಗೆ.

ಸ್ಯಾನ್ ಫ್ರಾನ್ಸಿಸ್ಕೊ ನಗರ 2011ರಲ್ಲಿ ಇದನ್ನು ಶಾಲೆಗೆ ಜೋಡಿಸಿತು. ಸರ್ಕಾರಿ ಶಾಲೆಯ ಕಿಂಡರ್‌ಗಾರ್ಟನ್‌ಗೆ ಸೇರಿದ ಪ್ರತಿ ಮಗುವಿನ ಹೆಸರಲ್ಲೂ ನಗರವೇ ಖಾತೆ ತೆರೆದು 50 ಡಾಲರ್ ಹಾಕುತ್ತದೆ. ತಂದೆತಾಯಿ ಅರ್ಜಿ ಹಾಕಬೇಕಿಲ್ಲ. ಇದು ಸಣ್ಣ ವಿವರವೆನಿಸಬಹುದು, ಆದರೆ ಇಡೀ ಯೋಜನೆಯ ಜೀವ ಇಲ್ಲೇ ಇದೆ. ಮೇನ್ ರಾಜ್ಯದಲ್ಲಿ ಪಾದರಕ್ಷೆ ಉದ್ಯಮಿ ಹೆರಾಲ್ಡ್ ಆಲ್ಫಂಡ್ ಅವರ ಪ್ರತಿಷ್ಠಾನ ಹುಟ್ಟಿದ ಪ್ರತಿ ಮಗುವಿಗೂ 500 ಡಾಲರ್ ಕೊಡಲು ಸಿದ್ಧವಿತ್ತು. ಮೊದಲು ಅರ್ಜಿ ಹಾಕಿದವರಿಗಷ್ಟೇ ಎಂದಿದ್ದಾಗ ಅರ್ಧದಷ್ಟು ಮನೆಗಳೂ ಮುಂದೆ ಬರಲಿಲ್ಲ. ಅರ್ಜಿ ಹಾಕಿದವರಲ್ಲಿ ಹೆಚ್ಚಿನವರು ಆಗಲೇ ಓದಿದವರು. ಕೊನೆಗೆ ಅರ್ಜಿಯನ್ನೇ ರದ್ದು ಮಾಡಿ ಎಲ್ಲ ಮಕ್ಕಳಿಗೂ ತಾನಾಗಿ ಸಿಗುವಂತೆ ಮಾಡಿದರು. ಬಡವರಿಗೆಂದು ಮಾಡಿದ ಯೋಜನೆಗೆ ಅರ್ಜಿಯ ಬೇಲಿ ಹಾಕಿದರೆ ಒಳಗೆ ಯಾರು ಬರುತ್ತಾರೆ ಎಂಬುದನ್ನು ಕರ್ನಾಟಕದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಹಾಗೆ ನೋಡಿದರೆ ಮಗುವಿನ ಹೆಸರಲ್ಲಿ ಹಣ ಇಡುವ ಯೋಚನೆ ನಮಗೆ ಹೊಸದೂ ಅಲ್ಲ. ಬಿಪಿಎಲ್ ಕುಟುಂಬದ ಹೆಣ್ಣುಮಕ್ಕಳಿಗಾಗಿ 2006-07ರಲ್ಲಿ ಬಂದ ಭಾಗ್ಯಲಕ್ಷ್ಮಿ ಯೋಜನೆಯೂ ಹುಟ್ಟಿದ ಕೂಡಲೇ ಬಾಂಡ್ ಕೊಟ್ಟು 18 ತುಂಬಿದಾಗ ಹಣ ಕೈಗಿಡುವಂಥದ್ದೇ ಆಗಿತ್ತು. ಹದಿನೆಂಟರೊಳಗೆ ಮದುವೆ ಮಾಡಬಾರದು, ಎಂಟನೇ ತರಗತಿಯವರೆಗೆ ಓದಿಸಬೇಕು ಎಂಬ ಷರತ್ತುಗಳು ಅದಕ್ಕಿದ್ದವು. ಬಾಲ್ಯವಿವಾಹ ತಡೆಯುವುದು ಅದರ ಗುರಿಗಳಲ್ಲೊಂದಾಗಿತ್ತು, ಹಾಗಾಗಿ ಕಾಲೇಜಿನ ಗುರಿಯಿಟ್ಟುಕೊಂಡು ಅದನ್ನು ಅಳೆಯುವುದು ನ್ಯಾಯವಲ್ಲ. ಆದರೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಹಣ ಇದ್ದರೂ ಅದಕ್ಕೆ ಓದಿನ ಹೆಸರಿಲ್ಲ. ಹದಿನೆಂಟಕ್ಕೆ ಬರುವ ಒಂದು ಮೊತ್ತವನ್ನು ಊರಿನ ಲೆಕ್ಕದಲ್ಲಿ ಮದುವೆಯ ಖರ್ಚಿಗೆ ಸೇರಿಸಿಬಿಡುವುದು ಬಹಳ ಸುಲಭ. ಬಾಂಡು ಮನೆಯ ಟ್ರಂಕಿನಲ್ಲಿ ಇರುತ್ತದೆ, ಶಾಲೆಯ ಟೀಚರಿಗೆ ಅದರ ಸುದ್ದಿಯೇ ಇರುವುದಿಲ್ಲ.

ಹಣ ದೊಡ್ಡದಾಗಿಯೂ ಖಚಿತವಾಗಿಯೂ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ಮಿಶಿಗನ್ನಿನ ಕಲಮಜೂ ಸಾಕ್ಷಿ. 2005ರ ನವೆಂಬರಿನಲ್ಲಿ, ಇಂದಿಗೂ ಹೆಸರು ಹೇಳಿಕೊಳ್ಳದ ದಾನಿಗಳು ಆ ಊರಿನ ಸರ್ಕಾರಿ ಶಾಲೆಗಳಲ್ಲಿ ಓದಿ ಮುಗಿಸಿದ ಎಲ್ಲರ ಕಾಲೇಜು ಶುಲ್ಕವನ್ನೂ ತಾವು ಕಟ್ಟುತ್ತೇವೆ ಎಂದರು. ಕಿಂಡರ್‌ಗಾರ್ಟನ್‌ನಿಂದಲೇ ಓದಿದವರಿಗೆ ಶೇ 100, ಒಂಬತ್ತನೇ ತರಗತಿಗೆ ಬಂದು ಸೇರಿದವರಿಗೆ ಶೇ 65. ಅಂಕದ ಮಿತಿ ಇಲ್ಲ, ಆದಾಯದ ಮಿತಿ ಇಲ್ಲ. ಮಕ್ಕಳಿಲ್ಲದೆ ಸೊರಗುತ್ತಿದ್ದ ಶಾಲೆಗಳಿಗೆ ಮಕ್ಕಳು ವಾಪಸು ಬಂದರು. ಆರು ವರ್ಷದೊಳಗೆ ಪದವಿಯನ್ನೋ ಸರ್ಟಿಫಿಕೇಟನ್ನೋ ಪಡೆದವರ ಪ್ರಮಾಣ ಸುಮಾರು 10 ಶೇಕಡಾಂಶ ಏರಿತು ಎಂದು ಅಲ್ಲಿನ ಅಪ್‌ಜಾನ್ ಸಂಸ್ಥೆಯ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಅದು ಚಿಕ್ಕ ಏರಿಕೆಯಲ್ಲ. ಆದರೆ ಶುಲ್ಕವೆಲ್ಲ ಮಾಫಿ ಆದರೂ ಅರ್ಧಕ್ಕಿಂತ ಹೆಚ್ಚು ಮಂದಿ ಆರು ವರ್ಷದಲ್ಲಿ ಏನನ್ನೂ ಮುಗಿಸಲಿಲ್ಲ ಎಂಬುದೂ ಅದೇ ಲೆಕ್ಕದಲ್ಲಿದೆ.

ಸೇರಿದವರು ಮತ್ತು ಮುಗಿಸಿದವರು

ಸೇರಿಸುವುದಕ್ಕೂ ಮುಗಿಸುವುದಕ್ಕೂ ಇರುವ ಈ ಅಂತರವನ್ನು ಮುಚ್ಚಿಡದೆ ಹೇಳಿದ್ದಕ್ಕೆ ಕಿಪ್‌ಗೆ ಮೆಚ್ಚುಗೆ ಸಲ್ಲಬೇಕು. 2011ರಲ್ಲಿ ಅದು ತನ್ನ ಮೊದಲ ತಂಡಗಳ ಲೆಕ್ಕ ಪ್ರಕಟಿಸಿತು. ಎಂಟನೇ ತರಗತಿ ಮುಗಿಸಿ ಹತ್ತು ವರ್ಷ ಕಳೆದಿದ್ದ ಆ ಮಕ್ಕಳಲ್ಲಿ ನಾಲ್ಕು ವರ್ಷದ ಪದವಿ ಪಡೆದವರು ಶೇ 33. ಆಗ ದೇಶದ ಬಡ ಕುಟುಂಬಗಳ ಮಕ್ಕಳಲ್ಲಿ ಈ ಪ್ರಮಾಣ ಶೇ 8ರಷ್ಟಿತ್ತು, ಹಾಗಾಗಿ ಅದು ದೊಡ್ಡ ಸಾಧನೆಯೇ. ಆದರೆ ಐದನೇ ತರಗತಿಯಿಂದ ದಿನಾ ಕಾಲೇಜು ಎಂದು ಹೇಳಿಸಿಕೊಂಡ ಮೂವರಲ್ಲಿ ಇಬ್ಬರು ಪದವಿ ತಲುಪಿರಲಿಲ್ಲ. ನಂತರ ಸಂಸ್ಥೆ ಹೈಸ್ಕೂಲುಗಳನ್ನು ಹೆಚ್ಚಿಸಿತು. ಕಾಲೇಜಿಗೆ ಹೋದ ಹಳೆಯ ವಿದ್ಯಾರ್ಥಿಗಳ ಜೊತೆ ಫೋನಿನಲ್ಲಿ ಮಾತಾಡುತ್ತ, ಅರ್ಜಿ ತುಂಬಿಸುತ್ತ, ಹಣದ ತೊಂದರೆ ಬಗೆಹರಿಸುತ್ತ ಜೊತೆಗಿರುವ ಸಲಹೆಗಾರರನ್ನು ನೇಮಿಸಿತು. ಲಾಟರಿಯಲ್ಲಿ ಸೀಟು ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿದ 2023ರ ಅಧ್ಯಯನ ಹೇಳುವಂತೆ, ಕಿಪ್‌ನ ಮಿಡಲ್ ಸ್ಕೂಲು ಮತ್ತು ಹೈಸ್ಕೂಲು ಎರಡನ್ನೂ ಓದಿದವರಲ್ಲಿ ಐದು ವರ್ಷದೊಳಗೆ ಪದವಿ ಮುಗಿಸಿದವರು ಉಳಿದವರ ಸುಮಾರು ಎರಡು ಪಟ್ಟು. ಮಿಡಲ್ ಸ್ಕೂಲಿಗೆ ಬಂದು ಬೇರೆಡೆ ಹೋದವರಲ್ಲಿ ಇಂಥ ಪರಿಣಾಮ ಕಾಣಲಿಲ್ಲ. ಲ್ಯಾಂಗ್ ನೇಮಿಸಿದ ಜಾನಿ ರಿವೆರಾ ಮಾಡುತ್ತಿದ್ದ ಕೆಲಸವನ್ನೇ ಮೂವತ್ತು ವರ್ಷದ ನಂತರ ಒಂದು ದೊಡ್ಡ ಸಂಸ್ಥೆ ಸಂಬಳ ಕೊಟ್ಟು ಮಾಡಿಸತೊಡಗಿತು.

ಈ ನಡುವೆ ದೇಶದ ಮನಸ್ಸೂ ಬದಲಾಗಿದೆ. ವಿದ್ಯಾರ್ಥಿ ಸಾಲದ ಮೊತ್ತ 1.7 ಲಕ್ಷ ಕೋಟಿ ಡಾಲರ್ ದಾಟಿದೆ. ಗ್ಯಾಲಪ್ ಸಮೀಕ್ಷೆಯಲ್ಲಿ ಉನ್ನತ ಶಿಕ್ಷಣದ ಮೇಲೆ ಹೆಚ್ಚು ನಂಬಿಕೆ ಇದೆ ಎಂದವರು 2015ರಲ್ಲಿ ಶೇ 57 ಇದ್ದದ್ದು 2023ಕ್ಕೆ ಶೇ 36ಕ್ಕೆ ಕುಸಿಯಿತು. ಪದವಿ ಮುಗಿಸದೆ ಸಾಲ ಮಾತ್ರ ಹೊತ್ತವರ ಕಥೆಗಳು ಈಗ ಪ್ರತಿ ಬಡಾವಣೆಯಲ್ಲೂ ಇವೆ, ಮಕ್ಕಳ ಕಿವಿಗೂ ಬೀಳುತ್ತವೆ. ಕಿಪ್ ತನ್ನ ಧ್ಯೇಯವನ್ನು ಮಕ್ಕಳು ತಾವು ಆರಿಸಿಕೊಂಡ ದಾರಿಯಲ್ಲಿ ನಡೆಯಲಿ, ಅದು ಕಾಲೇಜಾಗಲಿ ಉದ್ಯೋಗವಾಗಲಿ ಎಂಬ ಅರ್ಥಕ್ಕೆ ಹಿಗ್ಗಿಸಿಕೊಂಡಿದೆ. ಹಲವು ಪ್ರಾಥಮಿಕ ಶಾಲೆಗಳ ಗೋಡೆಗಳಲ್ಲಿ 'ಕಾಲೇಜು' ಜೊತೆ 'ವೃತ್ತಿ' ಎಂಬ ಪದವೂ ಸೇರಿಕೊಂಡಿದೆ. ಒಳ್ಳೆಯದೇ. ಆದರೆ ಎಚ್ಚರವೂ ಬೇಕು. ಎಲೆಕ್ಟ್ರೀಷಿಯನ್ ಆಗುವುದೂ ಘನತೆಯ ದಾರಿ ಎಂಬ ಮಾತನ್ನು ಹಾರ್ಲೆಮ್‌ನ ಮಕ್ಕಳಿಗೆ ಮಾತ್ರ ಹೇಳಿ, ಸಿರಿವಂತರ ಊರಾದ ಪಾಲೊ ಆಲ್ಟೋದ ಮಕ್ಕಳಿಗೆ ಹೇಳದಿದ್ದರೆ, ಅದು 1981ರಲ್ಲಿ ಲ್ಯಾಂಗ್ ಅವರ ಕಿವಿಗೆ ಬಿದ್ದ ಆ ಹಳೆಯ ಭವಿಷ್ಯವಾಣಿಯೇ ಹೊಸ ಅಂಗಿ ತೊಟ್ಟು ಬಂದಂತೆ. ಎಲೆಕ್ಟ್ರೀಷಿಯನ್ ಪರವಾನಗಿಗೂ ಬೀಜಗಣಿತ ಬೇಕು, ಕೈಪಿಡಿ ಓದಿ ಅರ್ಥ ಮಾಡಿಕೊಳ್ಳಬೇಕು. ಮೂರನೇ ತರಗತಿಯ ಓದು ಎರಡು ದಾರಿಗೂ ಒಂದೇ.

ಕ್ಯಾಲಿಫೋರ್ನಿಯಾದ 'ಕ್ಯಾಲ್‌ಕಿಡ್ಸ್' ಯೋಜನೆಯ ಮಾತನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಅಲ್ಲಿರುವ ಕನ್ನಡಿಗರಿಗೂ ಇದು ಅನ್ವಯಿಸುತ್ತದೆ. 2022ರ ಜುಲೈ 1ರಿಂದ ಆ ರಾಜ್ಯದಲ್ಲಿ ಹುಟ್ಟಿದ ಪ್ರತಿ ಮಗುವಿನ ಹೆಸರಲ್ಲೂ, ಮನೆಯ ಆದಾಯ ಎಷ್ಟೇ ಇರಲಿ, ಒಂದು ಸಣ್ಣ ಮೊತ್ತದ ಖಾತೆ ಇದೆ. ಸರ್ಕಾರಿ ಶಾಲೆಗಳಲ್ಲಿ ಓದುವ ಬಡ ಕುಟುಂಬಗಳ ಮಕ್ಕಳಿಗೆ 500 ಡಾಲರ್. ಈಗ ಪ್ರತಿ ವರ್ಷ ಒಂದನೇ ತರಗತಿಯ ಹೊಸ ಮಕ್ಕಳು ಇದಕ್ಕೆ ಸೇರುತ್ತಾರೆ. ಈ ಹಣವನ್ನು ಪದವಿ ಕಾಲೇಜಿಗೂ ಬಳಸಬಹುದು, ವೃತ್ತಿ ತರಬೇತಿಗೂ ಬಳಸಬಹುದು. ಖಾತೆ ತಾನಾಗಿ ತೆರೆದುಕೊಳ್ಳುತ್ತದೆ, ಆದರೆ ಮನೆಯವರು ಆನ್‌ಲೈನಿನಲ್ಲಿ ಒಮ್ಮೆ ನೋಂದಾಯಿಸಿಕೊಳ್ಳಬೇಕು. ಅರ್ಹ ಕುಟುಂಬಗಳಲ್ಲಿ ಹೆಚ್ಚಿನವು ಇನ್ನೂ ಅದನ್ನು ಮಾಡಿಲ್ಲ. ಹಸುಗೂಸಿಗಾದರೆ ಜನನ ಪ್ರಮಾಣಪತ್ರದಲ್ಲಿರುವ ನೋಂದಣಿ ಸಂಖ್ಯೆ ಸಾಕು. ಶಾಲೆಯ ಮಗುವಿಗಾದರೆ ರಾಜ್ಯ ಕೊಟ್ಟ ಹತ್ತು ಅಂಕಿಯ ವಿದ್ಯಾರ್ಥಿ ಸಂಖ್ಯೆ ಬೇಕು, ಅದು ಬಹಳಷ್ಟು ತಂದೆತಾಯಿಗಳಿಗೆ ಗೊತ್ತೇ ಇಲ್ಲ. ಶಾಲೆಯ ಕಚೇರಿಯ ಕಂಪ್ಯೂಟರಿನಲ್ಲಿ ಆ ಸಂಖ್ಯೆ ಇದೆ. ಪಾಲಕರ ಸಭೆಯ ಸಂಜೆ ಅದನ್ನೊಂದು ಚೀಟಿಯಲ್ಲಿ ಬರೆದುಕೊಟ್ಟು, ಅಲ್ಲೇ ಒಂದು ಲ್ಯಾಪ್‌ಟಾಪ್ ಇಟ್ಟು ನೋಂದಣಿ ಮಾಡಿಸಿ ಕಳಿಸುವ ಕೆಲಸವನ್ನು ಯಾವ ಪ್ರಾಥಮಿಕ ಶಾಲೆಯೂ ನಾಳೆಯೇ ಶುರುಮಾಡಬಹುದು.